ಬ್ರಷ್ಷಮ್ಮ ಬರೆದ ಷರಾ

ಆಕೆಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದಿತ್ತು. ಆದರೆ ನಗರಸಭೆಯ ಸಹಾಯಧನ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತ ಮೇಲೆ ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಬ್ರಷ್ಷಮ್ಮ. ಅದು ಆಕೆಗೂ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟಾಗುತ್ತಿರಲಿಲ್ಲ; ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಆಕೆಯ ಕೆಲಸ ಏನೆಂದರೆ, ಕೈಲಾಗದವರಿಗೆ ನಗರಸಭೆ ತಿಂಗಳು ತಿಂಗಳು ಕೊಡುವ ಸಹಾಯ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ನೋಡಿ ಬರೆಯುವುದು. ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳಬೇಕು, ಕಾಗದಪತ್ರ ತಾಳೆ ನೋಡಬೇಕು, ಮನೆಗೆ ಹೋಗಿ ಕಣ್ಣಾರೆ ಕಂಡು ಬರಬೇಕು, ಕೊನೆಗೆ ಕಡತದಲ್ಲಿ ನಾಲ್ಕು ಸಾಲಿನ ಷರಾ ಬರೆದು ಮೇಲಿನವರ ಮೇಜಿಗೆ ಕಳಿಸಬೇಕು. ಮೇಲಿನವರು ಓದುತ್ತಿದ್ದದ್ದು ಆ ಷರಾ ಒಂದನ್ನೇ. ಹೆಸರಿಗೆ ತೀರ್ಮಾನ ಅಧಿಕಾರಿಯದು, ನಿಜಕ್ಕೂ ಬ್ರಷ್ಷಮ್ಮನದು. ಸಾಲಿನಲ್ಲಿ ನಿಂತವರಿಗೂ ಇದು ತಿಳಿದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವರು ಗೊಣಗುವುದು ಕೌಂಟರಿನ ಗಾಜಿನ ತೂತಿನಿಂದ ಆಕೆಯ ಕಿವಿಗೂ ಬೀಳುತ್ತಿತ್ತು.

ನಿಯಮಗಳಲ್ಲಿ ದೊಡ್ಡ ತಕರಾರಿನದು ಒಂದಿತ್ತು. ಅರ್ಜಿ ಹಾಕಿದವರ ಜೊತೆ ಒಂದೇ ಸೂರಿನ ಕೆಳಗೆ ದುಡಿಯುವ ದೊಡ್ಡವರು ಯಾರಾದರೂ ಇದ್ದರೆ ಸಹಾಯ ಇಲ್ಲ. ಅದಕ್ಕೇ ಅರ್ಜಿ ಹಾಕಿದ ಮನೆಗಳಲ್ಲಿ ಗಂಡಂದಿರು ಮಾಯ, ಗಂಡುಮಕ್ಕಳೆಲ್ಲ ಬೇರೆ ಸಂಸಾರ. ಬಾಗಿಲಲ್ಲಿದ್ದ ದೊಡ್ಡ ಚಪ್ಪಲಿ ಅಟ್ಟ ಸೇರುತ್ತಿತ್ತು, ಗೂಟಕ್ಕೆ ತೂಗುಹಾಕಿದ ಪ್ಯಾಂಟು ಪಕ್ಕದ ಮನೆಗೆ ಹೋಗುತ್ತಿತ್ತು. ಎಲ್ಲವನ್ನೂ ಅಡಗಿಸುವ ಜನ ಒಂದನ್ನು ಮಾತ್ರ ಮರೆಯುತ್ತಿದ್ದರು. ಹಲ್ಲುಜ್ಜುವ ಬ್ರಷ್ಷು. ಬ್ರಷ್ಷಮ್ಮ ಬೆಳಗ್ಗೆ ಎಂಟು ಗಂಟೆಯ ಒಳಗೇ ಹೋಗಿ, “ಸ್ವಲ್ಪ ಕೈ ತೊಳ್ಕೋತೀನಮ್ಮಾ” ಎಂದು ಬಚ್ಚಲುಮನೆಗೆ ನುಗ್ಗಿ, ಮಗ್ಗಿನಲ್ಲಿದ್ದ ಬ್ರಷ್ಷುಗಳನ್ನು ಎಣಿಸುತ್ತಿದ್ದಳು. ಎಣಿಸಿ ಸುಮ್ಮನಾಗುತ್ತಿರಲಿಲ್ಲ, ಒಂದೊಂದರ ಎಳೆಯ ಮೇಲೂ ಹೆಬ್ಬೆರಳು ಸವರುತ್ತಿದ್ದಳು. ಒಣಗಿದ್ದರೆ ಎಂದೋ ಬಂದುಹೋದ ನೆಂಟರದು. ಒದ್ದೆಯಾಗಿದ್ದರೆ ಆ ದಿನ ಬೆಳಗ್ಗೆ ಆ ಮನೆಯಲ್ಲಿ ಒಂದು ಬಾಯಿ ಹಲ್ಲುಜ್ಜಿದೆ ಎಂದೇ ಅರ್ಥ.

ಒಮ್ಮೆ ಒಬ್ಬ ಮುದುಕ, ನಾನೂ ನನ್ನ ಹೆಂಡತಿಯೂ ಇಬ್ಬರೇ, ನಮಗೆ ಯಾರೂ ದಿಕ್ಕಿಲ್ಲ ಎಂದು ಕಣ್ಣೀರು ಸುರಿಸಿದ್ದ. ಮಗ್ಗಿನಲ್ಲಿ ಒದ್ದೆಯಾದ ಬ್ರಷ್ಷು ಐದು. “ಇಬ್ಬರಿಗೆ ಐದು ಬಾಯಾ ತಾತಾ?” ಎಂದು ಬ್ರಷ್ಷಮ್ಮ ಕೇಳುತ್ತಿದ್ದ ಹಾಗೆಯೇ ಅಟ್ಟದ ಮೇಲಿಂದ ಯಾರೋ ಸೀನಿದರು. ಒಂದು ಸೀನಿಗೆ ಇಬ್ಬರು ಗಂಡುಮಕ್ಕಳೂ ಒಬ್ಬ ಅಳಿಯನೂ ಕೆಳಗಿಳಿದರು. ಈ ಕಥೆ ಕಚೇರಿಯಲ್ಲಿ ಎಷ್ಟು ಸಲ ಹೇಳಿದರೂ ಹಳಸಲಿಲ್ಲ. ಹೊಸದಾಗಿ ಸೇರಿದವರಿಗೆ ಆಕೆ ಮೊದಲ ದಿನ ಹೇಳಿಕೊಡುತ್ತಿದ್ದದ್ದೂ ಇದನ್ನೇ: “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಣ್ಣು ಮೋಸ ಹೋಗಬಹುದು, ಹೆಬ್ಬೆರಳು ಹೋಗಲ್ಲ.”

ಅಷ್ಟು ಗಟ್ಟಿ ಹೆಂಗಸು. ಲಂಚ ಮುಟ್ಟಿದವಳಲ್ಲ, ಒಂದು ಲೋಟ ಚಹಾವನ್ನೂ ಅರ್ಜಿದಾರರ ಮನೆಯಲ್ಲಿ ಕುಡಿದವಳಲ್ಲ. ಸುಳ್ಳು ಹೇಳಿ ಒಬ್ಬ ತೆಗೆದುಕೊಂಡರೆ ನಿಜ ಹೇಳುವ ಇನ್ನೊಬ್ಬನಿಗೆ ಇಲ್ಲವಾಗುತ್ತದೆ ಎಂದು ನಂಬಿದ್ದಳು, ಅದು ಸುಳ್ಳೂ ಅಲ್ಲ. ಆದರೆ ಮೂವತ್ತು ವರ್ಷ ಕಳ್ಳರನ್ನೇ ಹುಡುಕಿದ ಕಣ್ಣಿಗೆ ಎದುರು ಬಂದವರೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳರಾಗಿಯೇ ಕಾಣತೊಡಗುತ್ತಾರೆ. ಅವಳಿಗೆ ಆದದ್ದೂ ಅದೇ.

ಒಂದು ದಿನ ಒಬ್ಬ ಅಕ್ಕ, ಒಬ್ಬ ತಮ್ಮ ಕೌಂಟರಿಗೆ ಬಂದರು. ಅಕ್ಕನಿಗೆ ಐವತ್ತರ ಮೇಲೆ. ದರ್ಜಿ ಅಂಗಡಿಗಳಿಗೆ ಅಂಗಿಯ ಕಾಜಾ ಹೊಲಿದು, ಗುಂಡಿ ಹಾಕಿ ಕೊಡುವುದು ಅವಳ ಕಸುಬು. ಬೀದಿಯಲ್ಲಿ ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಆ ಕಾಜಾದಲ್ಲೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಈಗ ಕಣ್ಣಿನ ನಡುಭಾಗ ಮಂಜಾಗಿ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ತಮ್ಮನಿಗೆ ಮೂವತ್ತು ಇರಬಹುದು. ಅರ್ಜಿಯನ್ನು ಅವನೇ ದುಂಡಗಿನ ಅಕ್ಷರದಲ್ಲಿ ತುಂಬಿ ತಂದಿದ್ದ.

“ನೀವೇನು ಕೆಲಸ ಮಾಡ್ತೀರಿ?” ಬ್ರಷ್ಷಮ್ಮ ಅವನನ್ನು ಕೇಳಿದಳು.

“ಲಾಂಡ್ರಿ ವ್ಯಾನ್ ಓಡಿಸ್ತೀನಿ ಮೇಡಂ. ವಾರಕ್ಕೆ ಮೂರು ದಿನ ಕೆಲಸ ಇರತ್ತೆ, ಮಿಕ್ಕಿದ್ದು ಇರಲ್ಲ.”

“ಇಬ್ಬರೂ ಒಂದೇ ಮನೇಲಿ ಇರೋದಾ?”

“ಹೌದು ಮತ್ತೆ. ಅಕ್ಕ ಅಲ್ವಾ?”

“ಹಾಗಾದ್ರೆ ಬರಲ್ಲ. ಒಂದೇ ಸೂರಿನ ಕೆಳಗೆ ಇರೋವರೆಗೂ ಬರಲ್ಲ.”

ಅಕ್ಕ ತಮ್ಮನ ತೋಳು ಹಿಡಿದು, “ಬಾರೋ, ಹೋಗೋಣ” ಅಂದಳು. ಅವನು ಕದಲಲಿಲ್ಲ. ಗಾಜಿನ ತೂತಿಗೆ ಬಾಯಿ ತಂದು ಕೇಳಿದ: “ನಾನು ಆ ಮನೇಲಿ ಇಲ್ಲದಿದ್ರೆ?”

“ಇಲ್ಲದಿದ್ರೆ ಯಾಕೆ ಬರಲ್ಲ? ಬರತ್ತೆ. ಮುಂದಿನವರು ಬನ್ನಿ,” ಎಂದು ಬ್ರಷ್ಷಮ್ಮ ಅರ್ಜಿಯ ಮೇಲೆ ಮೊಹರು ಒತ್ತಿದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಈ ಮಾತು ಅವಳಿಗೆ ಮರೆತೇಹೋಗಿತ್ತು. ದಿನಕ್ಕೆ ನಲವತ್ತು ಜನಕ್ಕೆ ಹೇಳುವ ಮಾತು, ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒಂದೂವರೆ ವರ್ಷದ ಮೇಲೆ ಅದೇ ಕಾಜಾ ಅಕ್ಕನ ಹೆಸರಿನಲ್ಲಿ ಹೊಸ ಅರ್ಜಿ ಬಂತು. ಈ ಸಲ ಅಕ್ಷರ ಬೇರೆಯವರದು, ಕೋಳಿ ಕೆದರಿದ ಹಾಗಿತ್ತು. ‘ಮನೆಯಲ್ಲಿ ಒಬ್ಬರೇ ವಾಸ’ ಎಂದು ಬರೆದಿತ್ತು. ಬ್ರಷ್ಷಮ್ಮ ಬೀರುವಿನಿಂದ ಹಳೆಯ ಕಡತ ತೆಗೆಸಿ ನೋಡಿದಳು. ಒಬ್ಬ ತಮ್ಮ ಇದ್ದ. ಈಗ ಇಲ್ಲವಂತೆ. ಸರಿ, ಗಂಡುಮಕ್ಕಳು ಮಾಯವಾಗುವ ಕಥೆ ಇವಳಿಗೆ ಹೊಸದೇ?

ಮಾರನೆಯ ಬೆಳಗ್ಗೆ ಏಳೂವರೆಗೆ ಹೋದಳು. ಎರಡಂತಸ್ತಿನ ಹಳೆಯ ಕಟ್ಟಡ. ಕೆಳಗೆ ಮೆಟ್ಟಿಲ ಸಂದಿಯಲ್ಲಿ ಒಬ್ಬ ಇಸ್ತ್ರಿಯವನು ಇದ್ದಲಿಗೆ ಬೀಸಣಿಗೆ ಹಾಕುತ್ತಿದ್ದ. ಮೇಲೆ ಒಂದೇ ಕೋಣೆ, ಮೂಲೆಯಲ್ಲಿ ಅಡ್ಡಗೋಡೆ ಎಬ್ಬಿಸಿ ಮಾಡಿದ ಬಚ್ಚಲು. ಕಿಟಕಿಯ ಹತ್ತಿರ ಒಂದು ಡಬ್ಬಿಯಲ್ಲಿ ಗುಂಡಿಗಳು. ಕಾಜಾ ಅಕ್ಕ ಅವುಗಳನ್ನು ನೋಡದೆ, ಬೆರಳಿನಲ್ಲೇ ಮುಟ್ಟಿ ಮುಟ್ಟಿ ಎರಡು ತೂತಿನದು, ನಾಲ್ಕು ತೂತಿನದು ಎಂದು ಬೇರೆ ಮಾಡುತ್ತಿದ್ದಳು. ಗೋಡೆಯ ಬದಿಯಲ್ಲಿ ಎರಡು ಹಾಸಿಗೆ ಸುತ್ತಿಟ್ಟಿತ್ತು. ಬ್ರಷ್ಷಮ್ಮ ಕೈ ತೊಳೆಯಲು ಹೋದಳು. ಮಗ್ಗಿನಲ್ಲಿ ಒಂದು ನೀಲಿ, ಒಂದು ಕೆಂಪು. ಹೆಬ್ಬೆರಳು ಸವರಿದಳು. ಎರಡೂ ಒದ್ದೆ.

“ಈ ಕೆಂಪು ಬ್ರಷ್ಷು ಯಾರದು?”

“ನನ್ನ ತಮ್ಮಂದು,” ಅಂದಳು ಕಾಜಾ ಅಕ್ಕ.

“ಹಾಗಾದ್ರೆ ತಮ್ಮ ಇಲ್ಲೇ ಇರೋದು.”

“ಇದು ಅವನ ಮನೆ ಮೇಡಂ. ಇನ್ನೆಲ್ಲಿರ್ತಾನೆ?”

“ಈಗೆಲ್ಲಿ?”

ಕಾಜಾ ಅಕ್ಕ ಒಂದು ಗುಂಡಿಯನ್ನು ಬಹಳ ಹೊತ್ತು ಬೆರಳಲ್ಲಿ ತಿರುಗಿಸಿದಳು. “ಹೊರಗೆ ಹೋಗಿದ್ದಾನೆ,” ಅಂದಳು. “ಬರ್ತಾನೆ.”

ಕಳ್ಳ ತಾನಾಗಿಯೇ ಒಪ್ಪಿಕೊಂಡ ಮೇಲೆ ಸಾಕ್ಷಿ ಯಾಕೆ? ಮಧ್ಯಾಹ್ನವೇ ಬ್ರಷ್ಷಮ್ಮ ಷರಾ ಬರೆದಳು. ‘ಸ್ಥಳ ಪರಿಶೀಲನೆ ಮಾಡಲಾಗಿ, ಅರ್ಜಿದಾರರ ದುಡಿಯುವ ತಮ್ಮನು ಇದೇ ವಿಳಾಸದಲ್ಲಿ ವಾಸವಿರುವುದು ಕಂಡುಬಂದಿದೆ. ಸದರಿ ವಿಷಯವನ್ನು ಅರ್ಜಿಯಲ್ಲಿ ಮರೆಮಾಚಲಾಗಿದೆ. ಅನರ್ಹರು.’ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅಧಿಕಾರಿ ಕೆಳಗೊಂದು ಗೀಟು ಎಳೆದು ಸಹಿ ಹಾಕಿದರು. ಬೇಕಾದರೆ ಮೂವತ್ತು ದಿನದೊಳಗೆ ಮೇಲ್ಮನವಿ ಕೊಡಬಹುದು ಎಂಬ ಸಾಲಿನೊಂದಿಗೆ ಪತ್ರ ಹೋಯಿತು.

ಎರಡು ವಾರದ ಮೇಲೆ ಇನ್ನಾವುದೋ ಪರಿಶೀಲನೆಗೆಂದು ಅದೇ ಬೀದಿಗೆ ಹೋದಾಗ ಆ ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು, ದಾರಿಗೆ ಅಡ್ಡ ನಿಂತ.

“ಏನು ಮೇಡಂ, ಅರ್ಜಿ ಬರೆದುಕೊಟ್ಟವನು ನಾನು. ಒಬ್ಬರೇ ವಾಸ ಅಂತ ಅಕ್ಕನಿಗೆ ಓದಿ ಹೇಳದೆ ಹಾಕಿದ್ದೂ ನಾನೇ. ನನ್ನೇ ಸುಳ್ಳುಗಾರ ಮಾಡಿಬಿಟ್ರಲ್ಲ?”

“ನಾನು ಕಂಡದ್ದು ಬರೆದೆ ಕಣಪ್ಪ.”

“ಏನು ಕಂಡ್ರಿ? ಆ ಹುಡುಗ ಮನೆ ಬಿಟ್ಟು ಒಂದೂವರೆ ವರ್ಷ ಆಯ್ತು. ನಿಮ್ಮ ಆಫೀಸಿಗೆ ಮೊದಲ ಸಲ ಹೋಗಿ ಬಂದ್ರಲ್ಲ, ಅದಾದ ವಾರದಲ್ಲೇ ಅಕ್ಕನ ಜೊತೆ ಬೇಕಂತಲೇ ಜಗಳ ತೆಗೆದು ಹೋದ. ಆಮೇಲೆ ಸುದ್ದಿ ಇಲ್ಲ, ಸುಳಿವಿಲ್ಲ.”

“ಮತ್ತೆ ಬ್ರಷ್ಷು ಒದ್ದೆ ಇತ್ತಲ್ಲ?”

ಇಸ್ತ್ರಿಯವನ ಸಿಟ್ಟು ಇಳಿದುಹೋಯಿತು. “ನೀರು ಮೇಲಕ್ಕೆ ಹತ್ತಲ್ಲ ಮೇಡಂ. ಬೆಳಗ್ಗೆ ಎಲ್ಲರೂ ಈ ಕೆಳಗಿನ ನಲ್ಲಿಗೇ ಬರಬೇಕು. ಅಕ್ಕ ಮಗ್ಗು ಸಮೇತ ತರ್ತಾಳೆ. ತನ್ನ ಹಲ್ಲು ಉಜ್ಜಿ, ಅವನ ಬ್ರಷ್ಷನ್ನೂ ತೊಳೆದು ಇಡ್ತಾಳೆ. ದಿನಾ. ಒಂದು ದಿನ ತಪ್ಪಿಸಿಲ್ಲ. ಧೂಳು ಕೂರತ್ತೆ, ಬಂದ ದಿನ ಏನು ಅನ್ಕೋತಾನೆ ಅಂತಾಳೆ.”

ಬ್ರಷ್ಷಮ್ಮ ಬಂದ ಕೆಲಸ ಬಿಟ್ಟು ಅಲ್ಲಿಂದಲೇ ಹಿಂದಿರುಗಿದಳು. ಮೂವತ್ತೊಂದು ವರ್ಷದಲ್ಲಿ ಹೆಬ್ಬೆರಳು ಮೊದಲ ಸಲ ಸೋತಿತ್ತು, ಸೋತದ್ದು ಒಬ್ಬ ಕಳ್ಳನ ಕೈಯಲ್ಲೂ ಅಲ್ಲ.

ಆ ದಿನವೇ ಸಂಜೆ ಅವಳು ಮೇಲ್ಮನವಿಯ ನಮೂನೆ ಹಿಡಿದುಕೊಂಡು ಆ ಮೆಟ್ಟಿಲು ಹತ್ತಿದಳು. ಹಿಂದೆಂದೂ ಹಾಗೆ ಹೋದವಳಲ್ಲ. ಎಲ್ಲವನ್ನೂ ತಾನೇ ತುಂಬಿದ್ದಳು. ಒಂದು ಸಾಲಿನ ಕೆಳಗೆ ಕಾಜಾ ಅಕ್ಕ ಸಹಿ ಹಾಕಿದರೆ ಸಾಕು: ‘ನನ್ನ ತಮ್ಮನು ಈ ಮನೆಯಲ್ಲಿ ವಾಸವಿರುವುದಿಲ್ಲ. ಅವನು ಎಲ್ಲಿದ್ದಾನೆಂದು ನನಗೆ ತಿಳಿದಿರುವುದಿಲ್ಲ.’ ಓದಿ ಹೇಳಿ, ಪೆನ್ನನ್ನು ಅವಳ ಬೆರಳ ಸಂದಿಗೇ ಇಟ್ಟಳು.

ಕಾಜಾ ಅಕ್ಕ ಪೆನ್ನು ವಾಪಸು ಕೊಟ್ಟಳು. “ಬೇರೆ ಏನಾದ್ರೂ ಬರೀರಿ ಮೇಡಂ. ಕಣ್ಣು ಕಾಣಲ್ಲ ಅಂತ ಬರೀರಿ, ಹಾಕ್ತೀನಿ. ಇದಕ್ಕೆ ಹಾಕಲ್ಲ.”

“ನಿಜಾನೇ ಅಲ್ವಾ ಇದು? ಅವನು ಇಲ್ಲ ತಾನೆ?”

“ಅವನು ಮನೇಲಿಲ್ಲ ಅಂತ ಊರೆಲ್ಲ ಹೇಳಲಿ. ನಾನೇ ಬರೆದುಕೊಟ್ರೆ ಅವನನ್ನ ಮನೆಯಿಂದ ತೆಗೆದ ಹಾಗಾಗತ್ತೆ. ನಾಳೆ ಬಂದು ಬಾಗಿಲು ತಟ್ಟಿದ್ರೆ ಯಾವ ಮುಖ ಇಟ್ಕೊಂಡು ತೆಗೀಲಿ?” ಎಂದಳು. ಆಮೇಲೆ, ಬಂದವಳಿಗೆ ಬೇಸರವಾದೀತೆಂದು, “ಚಹಾ ಕುಡೀತೀರಾ?” ಎಂದು ಕೇಳಿದಳು. ಬ್ರಷ್ಷಮ್ಮ ಅಭ್ಯಾಸಬಲದಿಂದ ಬೇಡ ಅಂದಳು. ಆ ಚಹಾ ಕುಡಿಯಬೇಕಿತ್ತು ಎಂದು ಅವಳಿಗೆ ಇವತ್ತಿಗೂ ಅನ್ನಿಸುತ್ತದೆ.

ದಾರಿ ಇನ್ನೊಂದಿತ್ತು. ಅದು ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಬ್ರಷ್ಷಮ್ಮ ತಾನೇ ಇನ್ನೊಂದು ಷರಾ ಬರೆಯಬಹುದಿತ್ತು: ಹಿಂದಿನ ಪರಿಶೀಲನೆಯಲ್ಲಿ ನನ್ನಿಂದ ತಪ್ಪಾಗಿದೆ, ನೆರೆಯವರನ್ನು ವಿಚಾರಿಸಲಾಗಿ ಅರ್ಜಿದಾರರು ಒಬ್ಬರೇ ಇರುವುದು ಖಚಿತವಾಗಿದೆ. ಇಸ್ತ್ರಿಯವನು ಸಾಕ್ಷಿ ಹಾಕಲು ತಯಾರಿದ್ದ. ಎರಡೇ ಸಾಲು. ಆದರೆ ‘ನನ್ನಿಂದ ತಪ್ಪಾಗಿದೆ’ ಎಂಬ ಮಾತನ್ನು ಆ ಕೈ ಯಾವತ್ತೂ ಬರೆದಿರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಗಂಡ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತನಾದ ಡ್ರಾಯಿಂಗ್ ಮೇಷ್ಟ್ರು. ಹೆಂಡತಿಯ ಅಡ್ಡಹೆಸರು ಕೇಳಿ ಮೊದಲು ನಕ್ಕವನೇ ಅವನು. ಮನೆಯ ಬಚ್ಚಲಲ್ಲಿ ತನ್ನ ಬ್ರಷ್ಷನ್ನು ಬೇಕೆಂದೇ ಒಣಗಿಸಿಟ್ಟು, “ನಾನು ಈ ಮನೇಲಿ ವಾಸ ಇಲ್ಲ, ಬರ್ಕೋ” ಎಂದು ರೇಗಿಸುತ್ತಿದ್ದವನು. ಆ ದಿನ ಮಾತ್ರ ನಗಲಿಲ್ಲ.

“ಬ್ರಷ್ಷು ಒದ್ದೆ ಅಂತ ನಿನ್ನ ಬೆರಳು ಹೇಳ್ತು. ಯಾಕೆ ಒದ್ದೆ ಅಂತ ನೀನು ಕೇಳಬೇಕಿತ್ತು,” ಎಂದ. “ಹೋಗ್ಲಿ ಬಿಡು, ನಾಳೇನೇ ಬರೆದು ಕೊಡು. ಏನು, ಗಲ್ಲಿಗೆ ಹಾಕ್ತಾರಾ?”

“ಅಷ್ಟು ಸುಲಭ ಅಲ್ಲಾರೀ. ಒಂದು ಷರಾ ತಪ್ಪು ಅಂದ್ರೆ ಹಳೇದನ್ನೆಲ್ಲ ಕೆದಕ್ತಾರೆ.”

“ಕೆದಕಲಿ. ನೀನೇನು ಕದ್ದಿದ್ದೀಯಾ?”

ಕದ್ದಿರಲಿಲ್ಲ. ಹೆದರಿದ್ದಳು, ಅಷ್ಟೇ. ನಿವೃತ್ತಿಗೆ ಒಂದೇ ವರ್ಷವಿತ್ತು. ತಪ್ಪೇ ಇಲ್ಲದ ಸೇವೆ ಎಂದು ಬೀಳ್ಕೊಡುಗೆಯ ದಿನ ಹೇಳಿಸಿಕೊಳ್ಳುವ ಆಸೆಯಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ದಿನ ತಳ್ಳಿದಳು. ಕಾಜಾ ಅಕ್ಕನೇ ಮನಸ್ಸು ಬದಲಿಸಿ ಬಂದು ಸಹಿ ಹಾಕಿಯಾಳು ಎಂದು ತನಗೆ ತಾನೇ ಹೇಳಿಕೊಂಡಳು. ಮೂವತ್ತನೆಯ ದಿನ ಸಂಜೆ ಐದೂವರೆವರೆಗೂ ಕಡತವನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಳು. ಮರುದಿನ ಜವಾನ ಬಂದು ‘ಮುಕ್ತಾಯ’ ಎಂಬ ಠಸ್ಸೆ ಒತ್ತಿ, ಅದನ್ನು ಬೀರುವಿನ ಕೆಳಗಿನ ಖಾನೆಗೆ ಹಾಕಿದ.

ಇಷ್ಟಕ್ಕೇ ಮುಗಿದಿದ್ದರೆ ಅವಳು ಹೇಗೋ ಮರೆಯುತ್ತಿದ್ದಳೋ ಏನೋ. ಮೂರು ತಿಂಗಳ ಮೇಲೆ ಕಾಜಾ ಅಕ್ಕ ಮತ್ತೆ ಕೌಂಟರಿಗೆ ಬಂದಳು. ಅವತ್ತು ಸೋಮವಾರ, ಹೊಸ ಅರ್ಜಿಗಳ ದಿನ, ಸಾಲು ಬಾಗಿಲು ದಾಟಿ ಬೀದಿಗೆ ಇಳಿದಿತ್ತು. ಬ್ರಷ್ಷಮ್ಮನ ಪಕ್ಕದಲ್ಲಿ ಹೊಸದಾಗಿ ಸೇರಿದ ಕೇಸ್ ವರ್ಕರ್ ಕೂತಿದ್ದಳು. ಕೆಲಸ ಕಲಿಯಲೆಂದು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಮೇಡಂ ಆಡಿದ್ದನ್ನೆಲ್ಲ ಬರೆದುಕೊಳ್ಳುವ ಹುರುಪು.

“ಮೇಡಂ, ಸಹಾಯ ಕೇಳೋಕೆ ಬಂದಿಲ್ಲ,” ಎಂದಳು ಕಾಜಾ ಅಕ್ಕ. ಗಾಜಿನ ತೂತಿನಲ್ಲಿ ಒಂದು ಚೀಟಿ ತೂರಿಸಿದಳು. “ಕಟ್ಟಡ ಒಡೆದು ಹೊಸದು ಕಟ್ತಾರಂತೆ, ಮಾಲೀಕರು ಎಲ್ಲರನ್ನೂ ಎಬ್ಬಿಸಿದ್ರು. ಇಸ್ತ್ರಿಯಣ್ಣ ಮಗಳ ಊರಿಗೆ ಹೋದ. ಆ ಬೀದೀಲಿ ಇನ್ನೊಂದು ಕೋಣೆ ಹಿಡಿಯೋಕೆ ನನ್ನ ಕೈಲಾಗಲಿಲ್ಲ. ಇದು ನನ್ನ ಹೊಸ ವಿಳಾಸ, ಅಲ್ಲಿಯವರ ಕೈಲಿ ಬರೆಸಿದ್ದೀನಿ. ತಮ್ಮ ಬಂದ್ರೆ ಅಲ್ಲಿ ಮನೆ ಇರಲ್ಲ. ಅವನಿಗೆ ನನ್ನ ವಿಷಯ ಸಿಗೋ ಜಾಗ ಅಂದ್ರೆ ಇನ್ನು ಇದೊಂದೇ. ನನ್ನ ಕಡತದಲ್ಲಿ ಇಟ್ಟುಕೊಳ್ಳಿ.”

ಬ್ರಷ್ಷಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯಾದಾಗ ಕೆಲವರು ಮೆತ್ತಗಾಗುತ್ತಾರೆ, ಕೆಲವರು ಬಿರುಸಾಗುತ್ತಾರೆ. ಇವಳು ಎರಡನೆಯ ಜಾತಿ. ಜೊತೆಗೆ ಹೊಸ ಹುಡುಗಿ ನೋಡುತ್ತಿದ್ದಳು, ಸಾಲಿನಲ್ಲಿ ಯಾರೋ ಬೇಗ ಬೇಗ ಎಂದು ಕೂಗುತ್ತಿದ್ದರು.

“ಮುಚ್ಚಿದ ಕಡತಕ್ಕೆ ಹೊಸ ಕಾಗದ ಸೇರಿಸೋ ಹಾಗಿಲ್ಲಮ್ಮ,” ಎಂದು ಚೀಟಿಯನ್ನು ಬಿಡಿಸಿಯೂ ನೋಡದೆ ಹಿಂದಕ್ಕೆ ತಳ್ಳಿದಳು.

ನಿಯಮ ನಿಜವೇ. ಆದರೆ ಚೀಟಿಯನ್ನು ಮೇಜಿನ ಗಾಜಿನ ಕೆಳಗೆ ಇಡಬಾರದು ಎಂಬ ನಿಯಮ ಯಾವುದೂ ಇರಲಿಲ್ಲ. ಖಾನೆಯಲ್ಲಿ ಹಾಕಿಕೊಳ್ಳಬಹುದಿತ್ತು, ತನ್ನ ಸ್ವಂತ ಪರ್ಸಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಇದು ಅವಳಿಗೆ ಹೊಳೆಯುವ ಹೊತ್ತಿಗೆ ಕಾಜಾ ಅಕ್ಕ ತೂತಿನಲ್ಲಿ ಕೈಯಾಡಿಸಿ ಚೀಟಿ ಹುಡುಕಿಕೊಂಡು, ಎರಡು ಮಡಿಕೆ ಮಾಡಿ, ಕುಪ್ಪಸದೊಳಗೆ ಸೇರಿಸಿ, ಗೋಡೆ ಹಿಡಿದು ಹಿಡಿದು ಬಾಗಿಲ ಕಡೆ ಹೋಗುತ್ತಿದ್ದಳು. ಎದ್ದು ಹೋಗಿ ಕರೆಯಬಹುದಿತ್ತು. ಸಾಲು ದೊಡ್ಡದಿತ್ತು. ಪಕ್ಕದಲ್ಲಿ ಹೊಸ ಹುಡುಗಿ ‘ಮುಚ್ಚಿದ ಕಡತ’ ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ನಿವೃತ್ತಿಗೆ ಇನ್ನು ಒಂದು ತಿಂಗಳು ಇದೆ ಎನ್ನುವಾಗ ತಮ್ಮ ಬಂದ.

ಬ್ರಷ್ಷಮ್ಮ ಮೊದಲು ಗುರುತು ಹಿಡಿಯಲಿಲ್ಲ. ಬಿಸಿಲಿಗೆ ಕಪ್ಪಾಗಿ, ಸೊರಗಿದ್ದ. ಬಗಲಲ್ಲಿ ಒಂದು ಚೀಲ. ಅವನೇ ಗಾಜಿನ ತೂತಿಗೆ ಬಾಯಿ ತಂದು, ಹಳೆಯ ಪರಿಚಯದವನ ಹಾಗೆ ನಕ್ಕ.

“ಮೇಡಂ, ನಮ್ಮ ಮನೆ ಇದ್ದ ಕಡೆ ಹೋದ್ರೆ ಗೋಡೇನೇ ಇಲ್ಲ! ಅಕ್ಕನ ಹೊಸ ವಿಳಾಸ ಕೊಡ್ತೀರಾ? ತಿಂಗಳು ತಿಂಗಳು ಕಳಿಸ್ತೀರಲ್ಲ, ನಿಮ್ಮ ಹತ್ರ ಇದ್ದೇ ಇರತ್ತೆ.”

ಬ್ರಷ್ಷಮ್ಮನ ಕಣ್ಣು ಬೀರುವಿನ ಕೆಳಗಿನ ಖಾನೆಯ ಕಡೆ ಹೋಯಿತು.

“ಈಗ ಅಕ್ಕನಿಗೆ ಬರ್ತಾ ಇದೆ ಅಲ್ವಾ?” ಅವನು ಕೇಳಿದ. “ನೀವೇ ಹೇಳಿದ್ರಲ್ಲ, ನಾನು ಆ ಮನೇಲಿ ಇಲ್ಲದಿದ್ರೆ ಬರತ್ತೆ ಅಂತ. ಅದಕ್ಕೇ ಹೋದೆ. ನಿಜ ಹೇಳಿದ್ರೆ ಬಿಡ್ತಿದ್ಳಾ ಅವಳು? ಇಲ್ಲದ ಜಗಳ ತೆಗೆದು ಹೋದೆ. ಒಂದು ಫೋನೂ ಮಾಡ್ಲಿಲ್ಲ. ಮಾಡಿದ್ರೆ ನಿಮ್ಮವರಿಗೆ ಗೊತ್ತಾಗಿ ನಿಲ್ಲಿಸಿಬಿಟ್ರೆ ಅಂತ ಹೆದರಿಕೆ. ಎರಡು ವರ್ಷ ದಾಟಿದ್ರೆ ಮತ್ತೆ ತಪಾಸಣೆ ಇರಲ್ಲ ಅಂತ ನಾನು ಕೆಲಸ ಮಾಡೋ ಲಾರಿ ಡಿಪೋದಲ್ಲಿ ಯಾರೋ ಹೇಳಿದ್ರು. ಅದೂ ಸಾಲದು ಅಂತ ಇನ್ನೂ ಆರು ತಿಂಗಳು ಬಿಟ್ಟು ಬಂದೆ.”

ಜವಾನನಿಗೆ ಹೇಳದೆ ಬ್ರಷ್ಷಮ್ಮ ತಾನೇ ಎದ್ದು, ಬೀರುವಿನ ಮುಂದೆ ಮಂಡಿಯೂರಿ, ಕೆಳಗಿನ ಖಾನೆಯಿಂದ ಕಡತ ತೆಗೆದಳು. ಕೌಂಟರಿನ ಪಕ್ಕದ ಬಾಗಿಲು ತೆರೆದು ಅವನನ್ನು ಒಳಗೆ ಕರೆದು ಕುರ್ಚಿ ಕೊಟ್ಟಳು. ಅರ್ಜಿದಾರರಿಗೆ ಅಲ್ಲಿ ಕುರ್ಚಿ ಕೊಡುವ ಪದ್ಧತಿ ಇರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅವನು ಷರಾ ಓದಿದ. ಎರಡು ಸಲ ಓದಿದ.

“ಇದೇ ವಿಳಾಸದಲ್ಲಿ ವಾಸ ಅಂತ ಇದೆಯಲ್ಲ ಮೇಡಂ,” ಎಂದ ಕೊನೆಗೆ. “ನಾನು ಅಲ್ಲಿರ್ಲೇ ಇಲ್ಲ.”

“ಗೊತ್ತಪ್ಪ. ತಪ್ಪು ನಂದು.” ಎಂದೂ ಬರೆಯಲಾಗದ ಮಾತು ಬಾಯಿಂದ ಸಲೀಸಾಗಿ ಬಂತು, ಈಗ ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಬ್ರಷ್ಷಿನದು, ಅಕ್ಕ ಸಹಿ ಹಾಕದೇ ಇದ್ದದ್ದು, ತಾನು ದಿನ ತಳ್ಳಿದ್ದು, ವಿಳಾಸದ ಚೀಟಿಯನ್ನು ಬಿಡಿಸಿಯೂ ನೋಡದೆ ತಳ್ಳಿದ್ದು. ಅವನು ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು.

“ದಿನಾ ತೊಳೀತಿದ್ಳಾ?” ಎಂದಷ್ಟೇ ಕೇಳಿದ.

“ದಿನಾ.”

ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಒಂದು ಹಾಳೆ ಕೇಳಿ, ತನ್ನ ಫೋನ್ ನಂಬರು, ಡಿಪೋದ ವಿಳಾಸ ಎರಡನ್ನೂ ದುಂಡಗೆ ಬರೆದು ಕೊಟ್ಟ. “ಅಕ್ಕ ಬಂದೇ ಬರ್ತಾಳೆ, ನನ್ನ ಕೇಳ್ಕೊಂಡು. ಬಂದ್ರೆ ಇದು ಕೊಡಿ,” ಎಂದ. ರಜೆ ಸಿಕ್ಕಷ್ಟು ದಿನ ಊರೆಲ್ಲ ಹುಡುಕಿ, ಸಿಗದೆ, ವಾಪಸು ಹೋದ.

ಆ ಚೀಟಿಯನ್ನು ಬ್ರಷ್ಷಮ್ಮ ಮೇಜಿನ ಗಾಜಿನ ಕೆಳಗೆ, ಕಣ್ಣಿಗೆ ಕಾಣುವ ಹಾಗೆ ಇಟ್ಟಳು. ಕಾಜಾ ಅಕ್ಕ ಬರಲಿಲ್ಲ. ಯಾಕೆ ಬರಬೇಕು? ಇಲ್ಲಿ ಚೀಟಿ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದವರು ಯಾರು? ಬೀಳ್ಕೊಡುಗೆಯ ದಿನ ಅಧಿಕಾರಿ, ತಪ್ಪೇ ಇಲ್ಲದ ಸೇವೆ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟುವಾಗ ಆಕೆ ತಲೆ ತಗ್ಗಿಸಿದ್ದನ್ನು ಕಂಡು ವಿನಯ ಅಂದುಕೊಂಡರು. ಜವಾನ ಗಾಜಿನ ಕೆಳಗಿದ್ದ ಕಾಗದಗಳನ್ನೆಲ್ಲ ಒಂದು ಕವರಿಗೆ ಹಾಕಿ, ಹೂವಿನ ಜೊತೆ ಕೈಗೆ ಕೊಟ್ಟ.

ಆಮೇಲಿನ ತಿಂಗಳುಗಳಲ್ಲಿ ಅವಳು ಗಂಡನನ್ನು ಕರೆದುಕೊಂಡು ಊರಿನ ದರ್ಜಿ ಅಂಗಡಿಗಳನ್ನೆಲ್ಲ ಸುತ್ತಿದಳು. ಗುಂಡಿಯನ್ನು ಮುಟ್ಟಿ ಗುರುತಿಸುವ ಒಬ್ಬರು ಇದ್ದಾರಾ, ಕಾಜಾ ಅಕ್ಕ ಅಂತಾರೆ ಎಂದು ವಿಚಾರಿಸುತ್ತಿದ್ದಳು. ಇದ್ದರು ಕಣಮ್ಮ ಹಿಂದೆ, ಅನ್ನುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಮೊಣಕಾಲು ನೋವು ಎಂದು ಒಂದು ದಿನವೂ ಹೇಳದೆ ಜೊತೆಗೆ ನಡೆದ. ರೇಗಿಸುವುದನ್ನೂ ಬಿಟ್ಟಿದ್ದ, ಅದು ಅವಳಿಗೆ ಇನ್ನೂ ಕಷ್ಟವಾಗುತ್ತಿತ್ತು.

ಕೊನೆಗೆ ಒಂದು ಸೋಮವಾರ ಅವಳೇ ಸಾಲಿನಲ್ಲಿ ನಿಂತು ಕೌಂಟರಿಗೆ ಬಂದಳು. ಗಾಜಿನ ಆಚೆ, ತನ್ನ ಕುರ್ಚಿಯಲ್ಲಿ, ತಾನು ಕಲಿಸಿದ ಹುಡುಗಿ. ಚೀಟಿಯನ್ನು ತೂತಿನಲ್ಲಿ ತೂರಿಸಿ, “ಇದನ್ನ ಆ ಕಾಜಾ ಅಕ್ಕನ ಕಡತದಲ್ಲಿ ಸೇರಿಸಿಬಿಡಮ್ಮ. ಆಕೆ ಎಂದಾದ್ರೂ ಬಂದ್ರೆ ತಮ್ಮನ ವಿಳಾಸ ಸಿಗಲಿ,” ಎಂದಳು.

ಹುಡುಗಿ ಎದ್ದು ನಿಂತಳು. ಗೌರವಕ್ಕೇನೂ ಕೊರತೆಯಿಲ್ಲ. ಕಡತದ ಸಂಖ್ಯೆ ಹುಡುಕಿ ನೋಡಿ, ಸಂಕೋಚದಿಂದಲೇ ಚೀಟಿಯನ್ನು ಹಿಂದಕ್ಕೆ ಸರಿಸಿದಳು.

“ಮುಚ್ಚಿದ ಕಡತಕ್ಕೆ ಹೊಸ ಕಾಗದ ಸೇರಿಸೋ ಹಾಗಿಲ್ಲ ಮೇಡಂ. ನೀವೇ ಹೇಳಿಕೊಟ್ಟಿದ್ದು.”

ಬ್ರಷ್ಷಮ್ಮ ವಾದ ಮಾಡಲಿಲ್ಲ. ಯಾವ ಬಾಯಿಂದ ಮಾಡುವುದು? ಚೀಟಿ ತೆಗೆದುಕೊಂಡು ಬಂದು, ಹೊರಗೆ ಅರ್ಜಿದಾರರು ಕಾಯುವ ಬೆಂಚಿನ ತುದಿಯಲ್ಲಿ ಕೂತಳು. ಮುಂದಿನ ಸೋಮವಾರವೂ ಬಂದು ಕೂತಳು, ಅದರ ಮುಂದಿನದಕ್ಕೂ. ಈಗ ಪ್ರತಿ ಸೋಮವಾರ ಬಾಗಿಲು ತೆರೆಯುವ ಮೊದಲೇ ಬರುತ್ತಾಳೆ, ಬಾಗಿಲು ಮುಚ್ಚಿದ ಮೇಲೆ ಹೋಗುತ್ತಾಳೆ. ಗೋಡೆ ಹಿಡಿದು ಬರುವವರು ಯಾರಾದರೂ ಕಂಡರೆ ಎದ್ದು ನಿಲ್ಲುತ್ತಾಳೆ, ಮುಖ ನೋಡಿ ಕೂರುತ್ತಾಳೆ.

ಮೊನ್ನೆ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದಳು: “ವಾರ ವಾರ ನೋಡ್ತೀನಿ ನಿಮ್ಮನ್ನ. ನಿಮ್ಮ ಅರ್ಜಿ ಇನ್ನೂ ಆಗಿಲ್ವಾ ತಾಯಿ?”

“ನಂದು ಅರ್ಜಿ ಅಲ್ಲಮ್ಮ. ಒಬ್ಬರು ಬರಬೇಕು.”

“ಯಾರು?”

ಬ್ರಷ್ಷಮ್ಮ ಪರ್ಸಿನಲ್ಲಿದ್ದ ಚೀಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡಳು.

“ಹೊರಗೆ ಹೋಗಿದ್ದಾರೆ,” ಅಂದಳು. “ಬರ್ತಾರೆ.”